ಜಂತಿನ ಲೆಕ್ಕ

ಮಂಗಳವಾರಕ್ಕೊಮ್ಮೆ ಬರತಿದ್ಲು ಹುಡಗಿ,
ಧಾರವಾಡದಿಂದ, ಬಸ್ಸಿನ್ಯಾಗ,
ತೊಡಿ ಮ್ಯಾಲ ಐಸಿನ ಡಬ್ಬಿ ಇಟಗೊಂಡು.
ಮೀನ ಬ್ಯಾಡ ಅಂತಿದ್ಲು. ಮೀನಿನ ಕಳ್ಳು ಬೇಕು.
(ಕುಡಿಯೋ ಕಳ್ಳಲ್ಲ, ಹೊಟ್ಟೀ ಒಳಗಿಂದು.)

ಗಣೇಶಪೇಟ್ಯಾಗ ಇಪ್ಪತ್ತಾರು ವರ್ಷ
ಈಳಗಿ ಮುಂದ ಕುಂತಾಕಿ ನಾನು.
ಕಳ್ಳು ಕೇಳಾವು ಬೆಕ್ಕು, ಹದ್ದು, ಇಲ್ಲಾ ಮಾಬುಸಾಬನ ನಾಯಿ.
ಇಷ್ಟ ಸಾಲಿ ಕಲತಾಕಿ ಕೇಳಿದ್ದು ಅದ ಮೊದಲು.
"ಯಾಕವ್ವಾ?"
"ಒಳಗ ಹುಳ ಇರತಾವಲ್ಲಾ ಮೌಶಿ, ಅವು ಬೇಕು."

ನಗಿ ಬಂತು.
ಹುಳ ಕಂಡ್ರ ಗಿರಾಕಿ ಎದ್ದು ಹೋಗತಾನ.
ಈ ಧಂದೇದಾಗ ನಾ ಕಲತ ಮೊದಲ ವಿದ್ಯಾ
ಹೊಟ್ಟಿ ಸೀಳೂದಲ್ಲ,
ಹೆಬ್ಬೆರಳಲೆ ಜಂತು ಒತ್ತಿ
ಯಾರಿಗೂ ಕಾಣಧಂಗ ಗಟಾರಕ್ಕ ಬಿಡೂದು.

ಚಂದನಾ ಬೋಗಾರ ಅಂತ ಹೆಸರು. ಜೈನರಾಕಿ,
ತತ್ತೀನೂ ಮುಟ್ಟದ ಮನಿ.
ಆದ್ರೂ ಕೊರವದ ಕಳ್ಳು ಬಿಡಸಿ, ಸೂಜೀಲೆ ಹುಳ ಎತ್ತತಿದ್ಲು
ಮಲ್ಲಿಗಿ ಮಗ್ಗಿ ಎತ್ತಿಧಂಗ.
ಒಮ್ಮೆ ಭೂತಗನ್ನಡಿ ನನ್ನ ಕೈಯಾಗ ಕೊಟ್ಲು.
ಏನ ನೋಡಲಿ!
ಮೋತಿ ತುಂಬ ಮುಳ್ಳು. ಬಾಯಿಲ್ಲ, ಹೊಟ್ಟಿಲ್ಲ.
"ಮತ್ತ ಉಣ್ಣೂದು ಹೆಂಗ?"
"ಮೈಯೆಲ್ಲಾ ಬಾಯಿ, ಮೌಶಿ. ಮೀನಿನೊಳಗ ಬಂದ ಸೀಸಾ
ಮೀನಿಗಿಂತ ಹೆಚ್ಚು ಇದು ಹೀರತದ.
ನೀರಿನ್ಯಾಗ ಸಿಗಲಾರದ್ದು ಇದರ ಮೈಯಾಗ ಸಿಗತದ."

ಬಾಡಗಿ ಕೊಡದ ಒಳಗ ಕುಂತಾಂವ,
ಮನಿಗೆ ಬಂದ ವಿಷಾ ತಾ ಉಂಡಾನ.

ಇನ್ನೊಂದ ಜಾತಿ ಐತಂತ, ಅದಕ್ಕ ಮೂರ ಮನಿ.
ಮೊದಲ ಬಸವನಹುಳ, ಆಮ್ಯಾಲ ಮೀನ, ಕಡೀಕ ಬೆಳ್ಳಕ್ಕಿ.
ಒಂದ ಮನಿಗೆ ಕೀಲಿ ಬಿದ್ರ ವಂಶಾನ ಮುಗೀತು.
ಬಸವನಹುಳ ಅಂದಕೂಡ್ಲೆ ನಮ್ಮಾಯಿ ನೆನಪಾದ್ಲು.
ಸುಣಗಾರರು ನಾವು. ಹಿರೇಕೆರಿ ದಂಡ್ಯಾಗ ಚಿಪ್ಪ ಆರಿಸಿ
ಭಟ್ಟಿ ಹಾಕಿ ಸುಣ್ಣ ಸುಟ್ಟವರು.
ಅರ್ಧ ಹುಬ್ಬಳ್ಳಿ ಎಲಿಅಡಕಿಗೆ ನಮ್ಮದ ಸುಣ್ಣ ಅಂತಿದ್ಲು.
ಮುದಕಿ ಸುಳ್ಳು ಬಾಳ ಹೇಳತಿದ್ಲು, ಅದಿರಲಿ.
ಬೈಪಾಸಿನ ಕೆಳಗ ಬ್ಯಾಟರಿ ಕರಗಸೋ ಶೆಡ್ಡು ಬಂದಮ್ಯಾಲ
ಚಿಪ್ಪಿಗೆ ಹೋದಾಕಿ ಬರೇ ಬುಟ್ಟಿ ಹೊತಗೊಂಡ ಬಂದ್ಲು.
ನಾ ಸಣ್ಣಾಕಿ, ಬುಟ್ಟ್ಯಾಗ ಕೈ ಹಾಕಿ ನೋಡಿದ್ದೆ.
ಅದನ್ನ ಯಾರೂ ಬರಕೊಂಡಿಲ್ಲ.

ಹೋದ ಮಳಿಗಾಲ ದಾಟಿಂದ
ಹಿರೇಕೆರಿ ಮೀನ ಸೀಳಿದ್ರ
ಕಳ್ಳು ತೊಳದಿಟ್ಟ ರಿಬ್ಬನ್ನಿನಂಗ.
ಒಂದ ಡಜನ್, ಎರಡ ಡಜನ್.
"ನೋಡ ಚಂದನಾ, ಎಷ್ಟ ಸ್ವಚ್ಛ!" ಅಂದೆ ಹುರುಪಿಲೆ.
ಅಕಿ ಪೆನ್ನು ನಿಂತತು.
ಸೊನ್ನಿ ಬರದ್ಲು. ಕೆಳಗ ಇನ್ನೊಂದ ಸೊನ್ನಿ.
ಸತ್ತವರ ಮನ್ಯಾಗ ಮೂಲ್ಯಾಗ ಕುಂತವರಂಗ
ಬೆನ್ನ ಬಾಗಿಸಿ ಬರಕೋತನ ಇದ್ಲು.
ಕಿವಿರಿನ ಮ್ಯಾಲ ಮಾತ್ರ ಲೋಳಿ,
ಅದರಾಗ ಕಣ್ಣಿಗೆ ಕಾಣದಾವು ಬುಗರಿಯಂಗ ತಿರಗತಾವಂತ.
ಹೊಲಸ ಹೆಚ್ಚಾದ್ರ ಅವೂ ಹೆಚ್ಚು.
ಹೋಗೋ ಹುಳ ಬ್ಯಾರೆ, ಬರೋ ಹುಳ ಬ್ಯಾರೆ,
ಎರಡೂ ಕೂಡಿಸಿ ಓದಬೇಕಂತ.

ಗಿರಾಕಿಗೆ ಈಗ ಖುಷಿನ ಖುಷಿ.
"ನಿನ್ನ ಮೀನಿನ್ಯಾಗ ಒಂದ ಹುಳ ಇಲ್ಲ ನೋಡಬೇ."
ರೊಕ್ಕಾ ತಗೋತೀನಿ. ಚಿಲ್ಲರ ಕೊಡತೀನಿ.
ಬಾಯಿದ್ದಾಕಿ ನಾ, ಸುಮ್ಮನಿರತೀನಿ.

ಚಂದನಾನ ಪ್ರಬಂಧ ಮುಗೀತು. ಈಗ ಬರೂದಿಲ್ಲ.
ಒಂದ ಪ್ರತಿ ಸರಕಾರದ ಆಫೀಸಿಗೂ ಕೊಟ್ಟಾಳಂತ,
ಯಾವ ಕಪಾಟಿನ ಹೊಟ್ಟ್ಯಾಗ ಐತೋ.

ನಿನ್ನೆ, ಸಂಜೀಕ, ಬುಟ್ಟ್ಯಾಗಿನ ಕಡೀ ಕೊರವ.
ಕಳ್ಳಿನ ಮಡಕ್ಯಾಗ ಒಂದು. ಬೆಳ್ಳಗ, ಅಕ್ಕಿಕಾಳಿನಷ್ಟ.
ಹೆಬ್ಬೆರಳು ರೂಢಿಲೆ ಒತ್ತಾಕ ಹೋತು.
ತಡದೆ.
ಚಹಾದ ಗ್ಲಾಸಿನ್ಯಾಗ ಚಿಟಿಕಿ ಉಪ್ಪ ಕಲಿಸಿ ಬಿಟ್ಟೆ.
ಗಿರಾಕಿ ಬಗ್ಗಿ ನೋಡಿ ಮಾರಿ ಕಿವಚಿದ. "ಏನದು?"

"ಕೆರ್ಯಾಗಿಂದು," ಅಂದೆ. "ಇನ್ನೂ ಒಂದ ಐತಿ."